ಇಲಿಗೆ ಮೊದಲು ಕೊಟ್ಟ ಔಷಧಿ

ಮುಂಬೈಯಲ್ಲಿ ಪ್ರಾಣಿಗಳ ಸ್ಕ್ಯಾನ್ ಎಂದರೆ ಬಹುಪಾಲು ಕ್ಯಾನ್ಸರ್ ಸಂಶೋಧನೆಯೇ. ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಸೆಂಟರ್‌ನ ಆಕ್ಟ್ರೆಕ್ ಸಂಸ್ಥೆಯಲ್ಲಿ ಅದಕ್ಕೆಂದೇ ಒಂದು ವಿಭಾಗವಿದೆ. ನಾನು ಈ ಕೆಲಸ ಕಲಿತದ್ದು ಈ ಊರಿನ ಇನ್ನೊಂದು ಪ್ರಯೋಗಾಲಯದಲ್ಲಿ, ಅದೂ ಗಡ್ಡೆಗಳ ಮೂಲಕ. ಗಡ್ಡೆ ಹುಡುಕುವವರಿಗೆ ಮಿದುಳೊಂದು ಕಿರಿಕಿರಿ. ಪೆಟ್ ಸ್ಕ್ಯಾನ್‌ಗೆ ಚುಚ್ಚುವ ಎಫ್‌ಡಿಜಿ ಗ್ಲೂಕೋಸಿನ ಹತ್ತಿರದ ನೆಂಟ. ಸಕ್ಕರೆಯನ್ನೇ ನಂಬಿ ಬದುಕುವ ಮಿದುಳು ಅದನ್ನು ಹೀರಿಕೊಂಡು, ಏನೂ ರೋಗವಿಲ್ಲದಿದ್ದರೂ, ಚಿತ್ರದಲ್ಲಿ ಝಗಝಗಿಸುತ್ತದೆ. ಆಮೇಲೆ ಒಂದು ಔಷಧಿ ಇಲಿಯ ಮಿದುಳಿನಲ್ಲಿ ಏನು ಮಾಡುತ್ತದೆ ಎಂದು ನೋಡುವ ಯೋಜನೆಗೆ ನನ್ನನ್ನು ಹಾಕಿದರು. ಕಿರಿಕಿರಿಯೇ ಕೆಲಸವಾಯಿತು.

ಎಫ್‌ಡಿಜಿಯಲ್ಲಿ ಅಂಟಿಸಿರುವ ಫ್ಲೋರಿನ್-18 ತಯಾರಾಗುವುದು ಸೈಕ್ಲೋಟ್ರಾನ್‌ನಲ್ಲಿ. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಶುರುವಾದದ್ದು ಇದೇ ಊರಿನ ಪರೇಲ್‌ನಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಮಳೆಗಾಲದಲ್ಲಿ ವಾಶಿ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತರೆ ಸೀಸದ ಡಬ್ಬಿಯೊಳಗಿನ ಮಾಲು ದಾರಿಯಲ್ಲೇ ಸವೆಯುತ್ತದೆ. ಮನುಷ್ಯರಿಗಾದರೆ ಸ್ವಲ್ಪ ಹೆಚ್ಚು ಚುಚ್ಚಿ ಸರಿದೂಗಿಸಬಹುದು. ಇಲಿಯ ಬಾಲದ ರಕ್ತನಾಳಕ್ಕೆ ಅಷ್ಟೊಂದು ದ್ರವ ತುಂಬುವಂತಿಲ್ಲ. ಹಾಗಾಗಿ ಔಷಧಿಯ ಸಮಯ, ಉಪವಾಸದ ಸಮಯ ಎಲ್ಲವನ್ನೂ ಡಬ್ಬಿ ಬರುವ ಹೊತ್ತಿಗೆ ಹೊಂದಿಸಬೇಕು. ಮೊದಲು ಕಲಿಯುವ ಪಾಠ ಇದು, ಆದರೆ ದೊಡ್ಡದಲ್ಲ.

ದೊಡ್ಡದು ಅರಿವಳಿಕೆಯದು. ಸ್ಕ್ಯಾನರ್‌ನೊಳಗೆ ಇಲಿ ಅಲುಗಾಡಬಾರದು. ಅದಕ್ಕೆ ಐಸೊಫ್ಲುರೇನ್ ಗ್ಯಾಸ್ ಕೊಟ್ಟು ಮಲಗಿಸುತ್ತೇವೆ. ಗಡ್ಡೆಯ ಕೆಲಸದಲ್ಲಿ ಇದಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮಿದುಳಿನ ವಿಷಯ ಬೇರೆ. ಅರಿವಳಿಕೆ ಕೂಡ ಮಿದುಳಿನ ಔಷಧಿಯೇ, ಅದರಲ್ಲೂ ಬಲವಾದದ್ದು. ಐಸೊಫ್ಲುರೇನ್ ನರಕೋಶಗಳನ್ನು ಮಂಕಾಗಿಸುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನಾವು ಪರೀಕ್ಷಿಸುವ ಔಷಧಿ ಇಷ್ಟೆಲ್ಲ ಆದ ಮೇಲೆ ರಂಗಕ್ಕೆ ಬರುತ್ತದೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಉರಿಸುತ್ತದೆ ಎಂದು ಅಳೆಯುವ ವಿಧಾನವನ್ನು ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ಎಚ್ಚರದ ಇಲಿಯ ಅಂಕಿಗಳನ್ನೂ ಅರಿವಳಿಕೆಯ ಇಲಿಯ ಅಂಕಿಗಳನ್ನೂ ಅವರು ಬೇರೆಬೇರೆಯಾಗಿಯೇ ಕೊಟ್ಟರು, ಆ ಮಾತನ್ನು ಪ್ರಬಂಧದ ಶೀರ್ಷಿಕೆಯಲ್ಲೇ ಹಾಕಿದರು. 1990ರಲ್ಲಿ ಸೇಜಿ ಒಗಾವಾ ಎಂಆರ್‌ಐನಲ್ಲಿ ರಕ್ತದ ಆಮ್ಲಜನಕದ ಏರಿಳಿತ ಕಾಣುತ್ತದೆಂದು ತೋರಿಸಿದ್ದೂ ಇಲಿಗಳಲ್ಲೇ. ಅರಿವಳಿಕೆ ಬದಲಿಸಿದರು, ಉಸಿರಾಡುವ ಗಾಳಿ ಬದಲಿಸಿದರು, ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದರು. ಪ್ರತಿ ಸಲವೂ ಚಿತ್ರ ಬದಲಾಯಿತು. ಇಂದು ಮನುಷ್ಯರ ಮೇಲೆ ನಡೆಯುವ ಎಫ್‌ಎಂಆರ್‌ಐಯ ಬೇರು ಅಲ್ಲಿದೆ. ಎರಡೂ ಪ್ರಬಂಧಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಓದುವವರು ಕಡಿಮೆ ಎಂಬುದು ನನ್ನ ಗುಮಾನಿ.

ನಮ್ಮ ಯೋಜನೆಯ ದಿಕ್ಕು ಬದಲಾದದ್ದು ಪ್ರಾಣಿ ನೀತಿ ಸಮಿತಿಯ ಸಭೆಯಲ್ಲಿ. ಭಾರತದಲ್ಲಿ ಪ್ರಾಣಿ ಪ್ರಯೋಗ ಮಾಡುವ ಪ್ರತಿ ಸಂಸ್ಥೆಗೂ ಇಂಥ ಸಮಿತಿ ಇರಲೇಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಮಾಜದ ಕಾಳಜಿಯುಳ್ಳ ಒಬ್ಬ ಸದಸ್ಯರೂ ಇರುತ್ತಾರೆ. ಸ್ಕ್ಯಾನ್‌ನಿಂದ ಇಲಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಒಂದೇ ಇಲಿಯನ್ನು ಔಷಧಿಗೆ ಮೊದಲೂ ಆಮೇಲೂ ನೋಡಬಹುದು ಎಂದು ನಾವು ಹೆಮ್ಮೆಯಿಂದ ವಿವರಿಸಿದೆವು. ಆ ಸದಸ್ಯೆ, ನಿವೃತ್ತ ಶಿಕ್ಷಕಿ, ಎಲ್ಲ ಕೇಳಿಸಿಕೊಂಡು, "ಇಲಿ ಹೆದರಿಕೊಂಡಿದ್ದರೆ ಅದೂ ಫೋಟೋದಲ್ಲಿ ಬರುತ್ತಲ್ವಾ?" ಎಂದರು. ನಮ್ಮ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಬರುತ್ತದೆ, ಖಂಡಿತ ಬರುತ್ತದೆ.

ಪರಿಹಾರ ಎರಡು ಕಡೆಯಿಂದ ಬಂತು. ಒಂದು ಎಫ್‌ಡಿಜಿಯ ಗುಣದಿಂದಲೇ. ಅದು ಕೋಶದೊಳಗೆ ಹೋದ ಮೇಲೆ ಗ್ಲೂಕೋಸಿನಂತೆ ಪೂರ್ತಿ ಉರಿಯದೆ, ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಇಲಿ ಎಚ್ಚರವಿರುವಾಗಲೇ ಚುಚ್ಚಿ, ಮುಕ್ಕಾಲು ಗಂಟೆ ಅದನ್ನು ಅದರ ಪಂಜರದಲ್ಲೇ ಬಿಟ್ಟು, ಆಮೇಲೆ ಗ್ಯಾಸ್ ಕೊಟ್ಟು ಸ್ಕ್ಯಾನ್ ಮಾಡಿದರೆ ಕಾಣುವುದು ಬಹುಮಟ್ಟಿಗೆ ಎಚ್ಚರದ ಹೊತ್ತಿನ ಲೆಕ್ಕ.

ಇನ್ನೊಂದು ಪ್ರಾಣಿಶಾಲೆಯ ಮಾಮಾನಿಂದ. ಮುಂಬೈಯ ಆಸ್ಪತ್ರೆಗಳಲ್ಲಿ ವಾರ್ಡ್‌ಬಾಯ್‌ಗೆ ಮಾಮಾ, ಆಯಾಗೆ ಮೌಶಿ ಎನ್ನುವ ರೂಢಿ, ನಮ್ಮಲ್ಲೂ ಹಾಗೆಯೇ. ಸ್ಕ್ಯಾನ್‌ಗೆ ಒಂದು ವಾರ ಮೊದಲಿನಿಂದ ದಿನವೂ ಇಲಿಗಳನ್ನು ಕೈಗೆತ್ತಿಕೊಳ್ಳಬೇಕು, ಸೆಂಟು ಹಾಕಿಕೊಂಡು ಒಳಗೆ ಬರಬಾರದು, ಬಾಗಿಲು ಬಡಿಯಬಾರದು ಎಂಬುದು ಅವರ ಕಾಯಿದೆ. "ಘಾಬರೂ ನಕೋ" (ಹೆದರಬೇಡ) ಎಂದು ಮರಾಠಿಯಲ್ಲಿ ಇಲಿಗೆ ಹೇಳುತ್ತಲೇ ಬಾಲ ಬೆಚ್ಚಗೆ ಮಾಡಿಕೊಡುತ್ತಿದ್ದರು. ಗಂಡಸರ ವಾಸನೆಯಿಂದಲೇ, ಅವರು ತೊಟ್ಟ ಟೀಶರ್ಟಿನಿಂದಲೂ, ಇಲಿಗಳಿಗೆ ಒತ್ತಡವಾಗುತ್ತದೆ ಎಂದು 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದನ್ನು ಹೇಳಿದಾಗ ಮಾಮಾ ನಕ್ಕುಬಿಟ್ಟರು. ಅವರನ್ನು ಹೊರಗಿಡುವ ಪ್ರಶ್ನೆಯೇ ಇರಲಿಲ್ಲ. ಔಷಧಿಯ ಗುಂಪನ್ನೂ, ಔಷಧಿಯ ಬದಲು ಬರೀ ಉಪ್ಪುನೀರು ಪಡೆಯುವ ಸಲೈನ್ ಗುಂಪನ್ನೂ ಅದೇ ಕೈ ಹಿಡಿದರೆ ಸಾಕು. ಸಲೈನ್ ಗುಂಪನ್ನು ಖರ್ಚು ಎಂದು ನೋಡುವವರಿದ್ದಾರೆ. ನನ್ನ ಲೆಕ್ಕದಲ್ಲಿ ಇಡೀ ಪ್ರಯೋಗ ನಿಂತಿರುವುದು ಅದರ ಮೇಲೆ.

ಉಳಿದವು ಸಣ್ಣಪುಟ್ಟ, ಆದರೆ ಚಿತ್ರವನ್ನೇ ಕೆಡಿಸುವಂಥವು. ಯಂತ್ರಕ್ಕೆಂದು ಕೋಣೆಯನ್ನು ತಣ್ಣಗಿಡುತ್ತಾರೆ. ಇಲಿಗೆ ಚಳಿಯಾದರೆ ಅದರ ಕಂದು ಕೊಬ್ಬು ಮೈ ಬಿಸಿಮಾಡಲು ಎಫ್‌ಡಿಜಿಯನ್ನು ಎಳೆದುಕೊಳ್ಳುತ್ತದೆ, ಮಿದುಳಿನ ಪಾಲು ಕುಗ್ಗುತ್ತದೆ. ಇಲಿಯ ಕಣ್ಣಿನ ಹಿಂದೆ ಹಾರ್ಡೇರಿಯನ್ ಎಂಬ ಗ್ರಂಥಿಗಳಿವೆ. ಅವೂ ಜೋರಾಗಿ ಹೊಳೆಯುತ್ತವೆ, ಹೊಳಪು ಮಿದುಳಿನ ಮುಂಭಾಗಕ್ಕೆ ಚೆಲ್ಲುತ್ತದೆ. ಗೊತ್ತಿಲ್ಲದವರು ಅದನ್ನು ಔಷಧಿಯ ಪವಾಡ ಎಂದುಕೊಂಡಾರು.

ರಕ್ತದ ಹರಿವನ್ನು ನೆಚ್ಚುವ ಎಫ್‌ಎಂಆರ್‌ಐಗೆ ಬೇರೆಯದೇ ತೊಡಕು. ಮಾಟುಂಗಾದಲ್ಲಿ ನಾವು ಕುಡಿಯುವ ಫಿಲ್ಟರ್ ಕಾಫಿಯನ್ನೇ ತೆಗೆದುಕೊಳ್ಳಿ. ಕೆಫೀನ್ ನರಕೋಶಗಳನ್ನು ಚುರುಕುಗೊಳಿಸುತ್ತದೆ, ಅದೇ ಹೊತ್ತಿಗೆ ಮಿದುಳಿನ ರಕ್ತನಾಳಗಳನ್ನು ಕಿರಿದಾಗಿಸಿ ರಕ್ತದ ಹರಿವನ್ನು ಇಳಿಸುತ್ತದೆ. ಇಂಥ ಔಷಧಿ ಕೊಟ್ಟು ಹರಿವನ್ನಷ್ಟೇ ನೋಡಿದರೆ ಕೋಶ ಮಲಗಿದೆಯೋ ಎದ್ದಿದೆಯೋ ಹೇಳುವುದು ಹೇಗೆ?

ಗಾತ್ರದ ಮಿತಿಯೂ ಇದೆ. ಇಲಿಯ ಮಿದುಳು ಸುಮಾರು 2 ಗ್ರಾಂ. ನಮ್ಮಂಥ ಸಣ್ಣ ಪೆಟ್ ಯಂತ್ರ ಬಿಡಿಸಿ ಕಾಣುವುದು ಒಂದೆರಡು ಮಿಲಿಮೀಟರ್‌ವರೆಗೆ; ಅಷ್ಟರಲ್ಲೇ ಲಕ್ಷಗಟ್ಟಲೆ ಕೋಶಗಳಿರುತ್ತವೆ. ದಾದರ್ ಪ್ಲಾಟ್‌ಫಾರ್ಮಿನ ಗದ್ದಲವನ್ನು ಸೇತುವೆಯ ಮೇಲಿನಿಂದ ಕೇಳಿದಂತೆ: ಜನ ಜಾಸ್ತಿ ಎಂದು ಗೊತ್ತಾಗುತ್ತದೆ, ಯಾರು ಏನಂದರು ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಸಾಧನ ಬೇಕು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ ಡಿಓಐ ಎಂಬ ಭ್ರಾಮಕ ಔಷಧಿ ಆತಂಕವನ್ನು ತಗ್ಗಿಸುವುದರ ಹಿಂದೆ ಹಿಪೊಕ್ಯಾಂಪಸ್‌ನ ಒಂದು ನಿರ್ದಿಷ್ಟ ಬಗೆಯ ಕೋಶಗಳಿವೆ ಎಂದು 2024ರಲ್ಲಿ ತೋರಿಸಿತು. ಅಷ್ಟು ಸೂಕ್ಷ್ಮಕ್ಕೆ ನಮ್ಮ ಸ್ಕ್ಯಾನ್ ಇಳಿಯಲಾರದು. ಎಲ್ಲಿ ಅಗೆಯಬೇಕು ಎಂದು ಹೇಳಬಹುದು, ಅಷ್ಟೆ.

ಚಿತ್ರದ ಕೆಂಪು ಹಳದಿಗಳ ಬಗ್ಗೆಯೂ ಒಂದು ಮಾತು. ಬಣ್ಣ ಬರುವುದು ಯಂತ್ರದಿಂದಲ್ಲ, ಎಲ್ಲಿಂದ ಮೇಲೆ ಬಣ್ಣ ಹಚ್ಚಬೇಕು ಎಂದು ಕಂಪ್ಯೂಟರ್ ಮುಂದೆ ಕೂತವರು ಆರಿಸುತ್ತಾರೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಸಂಖ್ಯಾಶಾಸ್ತ್ರದ ತಿದ್ದುಪಡಿ ಮಾಡದಿದ್ದರೆ ಅದರ ಮಿದುಳೂ ಯೋಚಿಸುವಂತೆ ಕಾಣುತ್ತದೆಂದು ತೋರಿಸಿದರು. ಮುಂಬೈಯಲ್ಲಾಗಿದ್ದರೆ ಬೊಂಬಿಲ್ ಮೀನು ಇಡುತ್ತಿದ್ದರೇನೋ.

ಈಗ ಹೊಸಬರು ಬಂದು ಯಾವ ವಿಧಾನ ಹಿಡಿಯಲಿ ಎಂದು ಕೇಳಿದರೆ, ಔಷಧಿಯ ಪರಿಣಾಮ ಎಷ್ಟು ಹೊತ್ತಿನದು ಎಂದು ಮೊದಲು ಕೇಳುತ್ತೇನೆ. ದಿನಗಟ್ಟಲೆ ಕೊಡುವ ಖಿನ್ನತೆಯ ಮಾತ್ರೆಯಾದರೆ ಎಚ್ಚರದಲ್ಲಿ ಎಫ್‌ಡಿಜಿ ಚುಚ್ಚುವುದೇ ಸರಿ. ಆದರೆ ಅದು ಕೊಡುವುದು ಮುಕ್ಕಾಲು ಗಂಟೆಯ ಒಟ್ಟು ಮೊತ್ತ. ನಿಕೋಟಿನ್‌ನಂಥದ್ದು ರಕ್ತಕ್ಕೆ ಬಿದ್ದ ಮೊದಲ ಐದು ನಿಮಿಷ ಆ ಮೊತ್ತದಲ್ಲಿ ಕರಗಿಹೋಗುತ್ತದೆ. ಅದು ಬೇಕೆಂದರೆ ಎಫ್‌ಎಂಆರ್‌ಐಗೇ ಹೋಗಬೇಕು: ಒಂದೋ ಗ್ಯಾಸ್ ಕೊಟ್ಟು, ಬರೀ ಗ್ಯಾಸ್ ಪಡೆದ ಇಲಿಗಳ ಗುಂಪನ್ನು ಪಕ್ಕಕ್ಕಿಟ್ಟುಕೊಂಡು, ಇಲ್ಲವೇ ಯಂತ್ರದ ಅಬ್ಬರಕ್ಕೂ ತಲೆ ಅಲುಗದಂತೆ ಹಿಡಿಯುವ ಚೌಕಟ್ಟಿಗೂ ಎಚ್ಚರದ ಇಲಿಗಳನ್ನು ದಿನಗಟ್ಟಲೆ ಪಳಗಿಸಿ. ಎರಡನೆಯದನ್ನು ಆರಿಸುವವರನ್ನು ನೇರ ಮಾಮಾನ ಹತ್ತಿರ ಕಳಿಸುತ್ತೇನೆ.