ಎಳೆಯ ಅಡಿಕೆ ತೋಟದಲ್ಲಿ ಟೊಮೇಟೊ: ಸೊರಗು ರೋಗವನ್ನು ಮೊದಲು ಗುರುತಿಸಿ



ಶಿವಮೊಗ್ಗ, ಭದ್ರಾವತಿಯ ಸುತ್ತ ಭದ್ರಾ ನಾಲೆಯ ನೀರುಂಡ ಎಷ್ಟೋ ಭತ್ತದ ಗದ್ದೆಗಳು ಇಂದು ಅಡಿಕೆ ತೋಟಗಳಾಗಿವೆ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಮನೆ ಖರ್ಚು ನಡೆಯಬೇಕು, ಸಾಲದ ಕಂತು ಕಟ್ಟಬೇಕು. 9 ಅಡಿ ಅಂತರದ ಸಾಲುಗಳ ನಡುವೆ ಮೊದಲ ಎರಡು ಮೂರು ವರ್ಷ ಬಿಸಿಲು ಧಾರಾಳವಾಗಿ ಬೀಳುವುದರಿಂದ ಸಣ್ಣ ಬೆಳೆಗಾರರು ಅಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ ಹಾಕುವುದು ಸಹಜ. ಆದರೆ ಈ ಮೂರಕ್ಕೂ ದುಂಡಾಣು ಸೊರಗು ರೋಗ ತಗಲುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಗಿಡ ಸತ್ತರೆ ಗೊಬ್ಬರಕ್ಕೆ, ಆಳಿಗೆ, ಊರುಗೋಲಿಗೆ ಹಾಕಿದ ಹಣವೆಲ್ಲ ಮಣ್ಣುಪಾಲು.

ಲಕ್ಷಣಗಳು: ಚೆನ್ನಾಗಿದ್ದ ಗಿಡ ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿಕೊಂಡಂತೆ ಕಾಣುತ್ತದೆ. ನೀರು ಸಾಲದೆಂದು ನಾವು ಮತ್ತಷ್ಟು ನೀರು ಬಿಡುತ್ತೇವೆ. ಇದು ದೊಡ್ಡ ತಪ್ಪು. ಕೆಲವೇ ದಿನಗಳಲ್ಲಿ ಎಲೆಗಳು ಹಸಿರಾಗಿರುವಂತೆಯೇ ಇಡೀ ಗಿಡ ಸೊರಗಿ ಸಾಯುತ್ತದೆ. ಶಿಲೀಂಧ್ರದಿಂದ ಬರುವ ಸೊರಗಿನಲ್ಲಾದರೋ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ.

ಲೋಟದ ಪರೀಕ್ಷೆ: ಆಗತಾನೇ ಸೊರಗಿದ ಗಿಡದ ಬುಡದಿಂದ ಎರಡು ಮೂರು ಅಂಗುಲದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ತೂಗಿ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂತಹ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು. ಅನುಮಾನವಿದ್ದರೆ ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗಿಡವನ್ನು ತೋರಿಸಬಹುದು.

ರೋಗ ಕಂಡಾಗ: ಸೊರಗಿದ ಗಿಡವನ್ನು ಉಳಿಸುವ ಔಷಧಿಯಿಲ್ಲ, ಸಿಂಪರಣೆಗೆ ಹಣ ಸುರಿಯುವುದು ವ್ಯರ್ಥ. ಗಿಡವನ್ನು ಬೇರುಸಹಿತ ಕಿತ್ತು ಚೀಲದಲ್ಲಿ ಒಯ್ದು ಸುಡಿ. ನಾಲೆಗೆ ಎಸೆಯಬೇಡಿ. ರೋಗಾಣು ಮಣ್ಣು ಮತ್ತು ನೀರಿನ ಜೊತೆ ಸಾಗುವುದರಿಂದ ಆ ಗಿಡದ ಬುಡದಿಂದ ಬೇರೆ ಗಿಡಗಳಿಗೆ ನೀರು ಹರಿಯದಂತೆ ತಡೆಯಿರಿ. ಗುದ್ದಲಿ, ಕತ್ತಿ ತೊಳೆಯದೆ ಮುಂದಿನ ಸಾಲಿಗೆ ಹೋಗಬೇಡಿ.

ಮುಂಜಾಗ್ರತೆ: ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಜಾಗದಲ್ಲಿ ಟೊಮೇಟೊ ಬೇಡ. ಶುಂಠಿಗೂ ಇದೇ ಜಾತಿಯ ದುಂಡಾಣುವಿನಿಂದ ಸೊರಗು ಬರುವುದರಿಂದ, ಶುಂಠಿ ಸೊರಗಿ ಹೋದ ನೆಲವನ್ನು ಬಿಡುವುದೇ ಲೇಸು. ಬಸಿಗಾಲುವೆ ತೆಗೆದು ಏರುಮಡಿಯಲ್ಲಿ ನೆಡಿ. ಬೇರಿನ ಗಾಯದಿಂದ ರೋಗಾಣು ಒಳಹೊಗುವುದರಿಂದ ಬುಡವನ್ನು ಆಳವಾಗಿ ಕೆದಕಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಮಣ್ಣಾದರೆ ಸಲಹೆಯಂತೆ ಸುಣ್ಣ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿಗೆ ಈ ರೋಗವನ್ನು ತಡೆದುಕೊಳ್ಳುವ ಗುಣವಿದೆ; ಎಲೆ ಮುಟುರು ನಂಜುರೋಗ ಮತ್ತು ಅಂಗಮಾರಿಯನ್ನೂ ಅದು ತಡೆಯುತ್ತದೆ. ಆದರೂ ತಳಿಯೊಂದನ್ನೇ ನಂಬಿ ಮೇಲಿನ ಕ್ರಮಗಳನ್ನು ಕೈಬಿಡಬಾರದು.

ಸಸಿಮಡಿಯನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಡಿ, 25-30 ದಿನದ ಸಸಿ ನೆಟ್ಟರೆ ಬೇಸಿಗೆಯ ಝಳ ಹತ್ತುವ ಮೊದಲೇ ಕಾಯಿ ಕಟ್ಟುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ಮೀರಿದರೆ ಹೂ ಉದುರುತ್ತದೆ. ಬಿಸಿ ಮತ್ತು ತೇವ ಕೂಡಿದ ನೆಲದಲ್ಲಿ ಸೊರಗು ರೋಗವೂ ಬೇಗ ಹಬ್ಬುತ್ತದೆ.

ಹೊಸ ಜಾಗವಾದರೆ ಮೊದಲ ವರ್ಷ ಒಂದೆರಡು ಸಾಲು ಮಾತ್ರ ನೆಟ್ಟು ನೋಡುವುದು ಕ್ಷೇಮ. ನೆಲದಲ್ಲಿ ರೋಗವಿದ್ದರೆ ಅಲ್ಪ ನಷ್ಟದಲ್ಲೇ ತಿಳಿಯುತ್ತದೆ. ಆಗ ಆ ಜಾಗಕ್ಕೆ ಅಲಸಂದೆ ಅಥವಾ ಮುಸುಕಿನ ಜೋಳ ಹಾಕಿಕೊಳ್ಳಬಹುದು.