ಸಮವಸ್ತ್ರ ತೊಟ್ಟವರ ಗಡ್ಡ: ಕಾನೂನು ಏನನ್ನುತ್ತದೆ?

ಮಂಡ್ಯ ಜಿಲ್ಲೆಯ ನಮ್ಮ ಬಸರಾಳು ಸೀಮೆಯಲ್ಲಿ ಗಂಡಸರು ಗಡ್ಡ ಬಿಡುವುದಕ್ಕೆ ಕಾರಣಗಳು ಹಲವು. ಹೆಂಡತಿ ಬಸುರಿಯಾಗಿರುವಾಗ ಗಂಡ ಗಡ್ಡ ಬೋಳಿಸಬಾರದೆಂದು ಹಿರಿಯರು ಹೇಳುತ್ತಾರೆ. ಮಲೆ ಮಾದಪ್ಪನಿಗೋ ತಿರುಪತಿ ತಿಮ್ಮಪ್ಪನಿಗೋ ಮುಡಿ ಹರಕೆ ಹೊತ್ತವರು ಅದು ತೀರುವವರೆಗೆ ಕತ್ತರಿ ಸೋಕಿಸುವುದಿಲ್ಲ. ಶಬರಿಮಲೆಗೆ ಮಾಲೆ ಹಾಕಿದವರು ಇಳಿಸುವ ತನಕ ಕ್ಷೌರ ಮಾಡಿಸುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ಗಡ್ಡ ಸುನ್ನತ್, ಅಂದರೆ ಪ್ರವಾದಿಯವರು ನಡೆದ ರೀತಿ. ಊರಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಸೇನೆಯಲ್ಲಿರುವ ಹುಡುಗ ರಜೆ ಮುಗಿಸಿ ಯೂನಿಟ್‌ಗೆ ಹಿಂದಿರುಗಿದಾಗ ಮಾತ್ರ ಗಡ್ಡ ಶಿಸ್ತಿನ ವಿಷಯವಾಗುತ್ತದೆ. ಹಟ ಹಿಡಿದರೆ ನೌಕರಿಗೇ ಸಂಚಕಾರ. ಸಿಪಾಯಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆ ತುಂಬಬೇಕು. ಅದಕ್ಕೆ ಮೊದಲೇ ಮನೆಗೆ ಕಳಿಸಿದರೆ ಪೆಟ್ಟು ಬೀಳುವುದು ಇಡೀ ಕುಟುಂಬಕ್ಕೆ. ಹೀಗಾಗಿ ಈ ಕಾನೂನು ಯೋಧನಿಗಷ್ಟೇ ಅಲ್ಲ, ಊರಲ್ಲಿರುವ ಅವನ ಮನೆಯವರಿಗೂ ಗೊತ್ತಿರಬೇಕು.

ಮೊದಲು ಸಂವಿಧಾನ. 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಸೇನಾಪಡೆಗಳಲ್ಲಿ ಕರ್ತವ್ಯಪಾಲನೆ ಮತ್ತು ಶಿಸ್ತು ಉಳಿಯುವಂತೆ ಅಲ್ಲಿನವರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಬಹುದೆಂದು ಸಂಸತ್ತೇ ಗೊತ್ತುಪಡಿಸಬಹುದು ಎನ್ನುತ್ತದೆ 33ನೇ ವಿಧಿ. ಸೈನಿಕನ ಧಾರ್ಮಿಕ ಸ್ವಾತಂತ್ರ್ಯ ಅಳಿಸಿಹೋಗುವುದಿಲ್ಲ, ಆದರೆ ಊರಿನಲ್ಲಿದ್ದಷ್ಟು ಅಗಲವಾಗಿಯೂ ಇರುವುದಿಲ್ಲ.

ಮೂರೂ ಪಡೆಗಳ ನಿಯಮ ಒಂದೇ ಅಲ್ಲ. ಭೂಸೇನೆಯಲ್ಲಿ ಸಿಖ್ಖರು ಕೇಶ ಮತ್ತು ಗಡ್ಡ ಇಡುತ್ತಾರೆ, ಉಳಿದವರು ಬೋಳಿಸಿಕೊಳ್ಳಬೇಕು. ನೌಕಾಪಡೆಯಲ್ಲಿ ಯಾವ ಧರ್ಮದವರಾದರೂ ಕಮಾಂಡಿಂಗ್ ಆಫೀಸರ್ ಅನುಮತಿ ಪಡೆದು ಗಡ್ಡ ಬಿಡಬಹುದು. ವಾಯುಪಡೆಯ 1964ರ ನಿಯಮಾವಳಿಯ 425ನೇ ನಿಯಮದ ಪ್ರಕಾರ, ಯಾರ ಧರ್ಮವು ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ನಿಷೇಧಿಸಿದೆಯೋ ಅವರಿಗೆ ಮಾತ್ರ ವಿನಾಯಿತಿ. 2003ರ ನೀತಿಪತ್ರವೊಂದು, 2002ರ ಜನವರಿ 1ಕ್ಕೆ ಮೊದಲು ಗಡ್ಡಸಹಿತವಾಗಿಯೇ ಸೇರಿದ್ದ ಮುಸ್ಲಿಂ ಸಿಬ್ಬಂದಿಗೆ ಅದನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು.

ಈ 425ನೇ ನಿಯಮವೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಗಡ್ಡ ತೆಗೆಯಲು ಒಪ್ಪದ ವಾಯುಪಡೆ ಸಿಬ್ಬಂದಿಯೊಬ್ಬರನ್ನು 2008ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. 2016ರ ಡಿಸೆಂಬರ್ 15ರಂದು ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ನೇತೃತ್ವದ ಪೀಠ ಆ ಕ್ರಮವನ್ನು ಎತ್ತಿಹಿಡಿಯಿತು. ಇಸ್ಲಾಂ ಮುಖಕ್ಷೌರವನ್ನು ನಿಷೇಧಿಸುತ್ತದೆಯೇ ಎಂದು ನ್ಯಾಯಾಲಯ ಕೇಳಿದಾಗ ಅರ್ಜಿದಾರರ ವಕೀಲರು ಕೊಟ್ಟ ಉತ್ತರ, ಈ ಬಗ್ಗೆ ಬೇರೆಬೇರೆ ವ್ಯಾಖ್ಯಾನಗಳಿವೆ, ಗಡ್ಡವಿಡುವುದು ಅಪೇಕ್ಷಣೀಯ ಎಂಬುದು ಅವುಗಳಲ್ಲಿ ಒಂದು ಎಂದು. ನಿಯಮ ಕೇಳುವುದು ನಿಷೇಧವನ್ನು, ವಕೀಲರು ತೋರಿಸಿದ್ದು ಅಪೇಕ್ಷೆಯನ್ನು. ಅಲ್ಲಿಗೆ ವಾದ ನಿಲ್ಲಲಿಲ್ಲ. ಪಡೆಯ ಒಗ್ಗಟ್ಟು ಮತ್ತು ಏಕರೂಪತೆಗಾಗಿ ಇಂಥ ನಿಯಮವಿದೆ, ಅದು ಯಾವ ಧರ್ಮವನ್ನೂ ಹೀಗಳೆಯಲು ಅಲ್ಲ ಎಂದಿತು ಪೀಠ.

ನಮ್ಮ ಮುಡಿ ಹರಕೆ, ಅಯ್ಯಪ್ಪನ ಮಾಲೆ, ಬಸುರಿಯ ಗಂಡನ ಗಡ್ಡ, ಇವನ್ನೂ ಈ ತಕ್ಕಡಿಯಲ್ಲೇ ತೂಗಿ ನೋಡಿ. ಹರಕೆ ನಾವೇ ಹೊತ್ತದ್ದು, ಮಾಲೆ ನಾವೇ ಹಾಕಿದ್ದು. ಇಂಥ ತಾತ್ಕಾಲಿಕ ವ್ರತವನ್ನು ಧರ್ಮದ ಕಡ್ಡಾಯ ನಿಷೇಧವೆಂದು ಸಾಧಿಸುವುದು ಬಹಳ ಕಷ್ಟ ಎಂಬುದು ನನ್ನ ಅಭಿಪ್ರಾಯ. ಗಡ್ಡದ ಪ್ರಶ್ನೆ ಮುಸ್ಲಿಮರದ್ದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ರಜೆಯಲ್ಲಿ ಮಾಲೆ ಹಾಕಿ, ಇಳಿಸಿ, ಕ್ಷೌರ ಮಾಡಿಸಿಕೊಂಡೇ ಡ್ಯೂಟಿಗೆ ಹಾಜರಾಗುವುದು ಕ್ಷೇಮ. ಮುಡಿಯನ್ನೂ ರಜೆ ನೋಡಿಕೊಂಡೇ ಕೊಡಬೇಕು. ಚರ್ಮದ ತೊಂದರೆಯಿಂದ ಕ್ಷೌರ ಮಾಡಲಾಗದಿದ್ದರೆ ಅದು ವೈದ್ಯಕೀಯ ವಿಷಯ. ಯೂನಿಟ್ಟಿನ ವೈದ್ಯಾಧಿಕಾರಿಗೆ ತೋರಿಸಿ, ಅವರ ಸಲಹೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಗಡ್ಡ ಬಿಡಲು ಮೇಲಧಿಕಾರಿ ಕೊಡುವ ಅನುಮತಿ ಎಷ್ಟು ದುರ್ಬಲ ಎಂಬುದಕ್ಕೆ ಕೊಚ್ಚಿ ಪೀಠದ ಪ್ರಕರಣ ನೋಡಬೇಕು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಈ ಪೀಠದ ವ್ಯಾಪ್ತಿಗೆ ಕರ್ನಾಟಕವೂ ಸೇರಿದೆ. ಸೇನಾ ವೈದ್ಯಕೀಯ ದಳದ ಸಿಪಾಯಿಯೊಬ್ಬರಿಗೆ ಮೊದಲ ಕಮಾಂಡಿಂಗ್ ಆಫೀಸರ್ ಗಡ್ಡ ಬಿಡಲು ಒಪ್ಪಿದ್ದರು. ನಿಯಮ ತೋರಿಸಿ ಆ ಅನುಮತಿಯನ್ನು ಬಳಿಕ ಹಿಂತೆಗೆದುಕೊಳ್ಳಲಾಯಿತು. ಸಿಪಾಯಿ ಒಪ್ಪಲಿಲ್ಲ, ಶೋಕಾಸ್ ನೋಟಿಸ್ ಬಂತು, ಕೊನೆಗೆ ಕೆಲಸವೇ ಹೋಯಿತು. 2016ರಲ್ಲಿ ನ್ಯಾಯಮಂಡಳಿಯೂ ಸೇನೆಯ ಪರವಾಗಿಯೇ ತೀರ್ಪಿತ್ತಿತು. ಒಬ್ಬ ಅಧಿಕಾರಿ ಕೊಟ್ಟ ಮಾತನ್ನು ನಂಬಿ ಧರ್ಮಪಾಲನೆ ಮಾಡಿದವನಿಗೆ ಮುಂದೊಂದು ದಿನ ಅದೇ ಮುಳುವಾಗುವುದು ನೋವಿನ ಸಂಗತಿ.

ಗಡ್ಡವಿದ್ದರೆ ವಿಷಾನಿಲ ತಡೆಯುವ ಮುಖಗವಸು ಚರ್ಮಕ್ಕೆ ಬಿಗಿಯಾಗಿ ಕೂರುವುದಿಲ್ಲ ಎಂಬುದು ಸೇನೆಗಳು ಕೊಡುವ ಗಟ್ಟಿ ಕಾರಣ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಬ್ರಿಟನ್ನಿನ ಭೂಸೇನೆ 2024ರಲ್ಲಿ ತನ್ನ ಹಳೆಯ ನಿಷೇಧ ತೆಗೆದು, ಓರಣವಾಗಿ ಕತ್ತರಿಸಿದ ಗಡ್ಡಕ್ಕೆ ಎಲ್ಲರಿಗೂ ಅವಕಾಶ ಕೊಟ್ಟಿತು. ನಮ್ಮ ನೌಕಾಪಡೆಯದ್ದೂ ಅಂಥದ್ದೇ ದಾರಿ: ಧರ್ಮ ಕೇಳುವುದಿಲ್ಲ, ಅನುಮತಿ ಕೇಳುತ್ತದೆ. ಯಾರ ಧರ್ಮ ಏನನ್ನುತ್ತದೆ ಎಂದು ನ್ಯಾಯಾಧೀಶರು ಶೋಧಿಸುವುದಕ್ಕಿಂತ ಇದು ನ್ಯಾಯವಾದ ದಾರಿ. ಭೂಸೇನೆ, ವಾಯುಪಡೆಗಳೂ ಇದನ್ನೇ ಹಿಡಿಯಬೇಕೆಂದು ನನ್ನ ಆಸೆ.

ನಿಯಮ ಬದಲಾಗುವವರೆಗೆ ಮಾಡಬೇಕಾದದ್ದೇನು? ಆಜ್ಞೆ ಬಂದರೆ ಮೊದಲು ಪಾಲಿಸಿ, ಆಮೇಲೆ ಪ್ರಶ್ನಿಸಿ. ಸೇನಾ ಕಾಯ್ದೆ 1950ರ 41ನೇ ಸೆಕ್ಷನ್ನಿನಲ್ಲಿ ಮೇಲಧಿಕಾರಿಯ ಕಾನೂನುಬದ್ಧ ಆಜ್ಞೆ ಮೀರುವುದು ಅಪರಾಧ. ಶಾಂತಿಕಾಲದಲ್ಲೂ 5 ವರ್ಷದವರೆಗೆ ಶಿಕ್ಷೆಯಾಗಬಹುದು. ಗಡ್ಡ ಮತ್ತೆ ಬೆಳೆಯುತ್ತದೆ, ಶಿಕ್ಷೆಯ ದಾಖಲೆ ಅಳಿಯುವುದಿಲ್ಲ. ಅದೇ ಕಾಯ್ದೆಯ 26ನೇ ಸೆಕ್ಷನ್, ಅನ್ಯಾಯವಾಯಿತೆಂದು ಭಾವಿಸುವ ಸಿಪಾಯಿಗೆ ಮೇಲಧಿಕಾರಿಯಲ್ಲಿ ದೂರು ಕೊಡುವ ಹಕ್ಕನ್ನೂ ಕೊಟ್ಟಿದೆ. ದೂರು ಆ ಅಧಿಕಾರಿಯ ಮೇಲೆಯೇ ಇದ್ದರೆ ಅವರಿಗಿಂತ ಮೇಲಿನವರಿಗೆ ಕೊಡಬಹುದು. ಅರ್ಜಿ ಬರಹದಲ್ಲಿರಲಿ, ಪ್ರತಿ ನಿಮ್ಮ ಬಳಿ ಇರಲಿ, ತಲುಪಿದ್ದಕ್ಕೆ ಸಹಿ ಇರಲಿ. ಶೋಕಾಸ್ ನೋಟಿಸ್ ಬಂದರೆ ಗಡುವಿನೊಳಗೆ ಉತ್ತರ ಕೊಡದೆ ಸುಮ್ಮನಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಯಾವ ನಿಯಮದಡಿ ಗಡ್ಡ ತೆಗೆಯಲು ಹೇಳಿದ್ದಾರೆ ಎಂಬುದನ್ನೂ ಉತ್ತರದಲ್ಲೇ ಕೇಳಿ.

ಅಲ್ಲಿ ನ್ಯಾಯ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಂತೆ ಸೇನೆಯೊಳಗಿನ ದೂರಿನ ದಾರಿ ಮುಗಿಸಿದ ಮೇಲೆ ಅಲ್ಲಿಗೆ ಹೋಗಬೇಕು. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಕೊಟ್ಟ ಮನವಿಗೆ 6 ತಿಂಗಳಾದರೂ ಉತ್ತರ ಬರದಿದ್ದರೆ, ಆ ಅವಧಿ ಮುಗಿದಂದಿನಿಂದ ಮತ್ತೆ 6 ತಿಂಗಳು ಸಿಗುತ್ತದೆ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಮಂಡಳಿಗಿದೆ. ರಜೆ, ವರ್ಗಾವಣೆಯಂಥ ವಿಷಯಗಳು ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಮಾದಪ್ಪನ ಜಾತ್ರೆಗೆ ರಜೆ ಕೊಡಲಿಲ್ಲವೆಂದು ಅಲ್ಲಿಗೆ ಹೋಗಲಾಗದು. ಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಸಮವಸ್ತ್ರ ತೊಟ್ಟವರನ್ನೆಲ್ಲ ಮಿಲ್ಟ್ರಿಯವರು ಎಂದೇ ಕರೆಯುತ್ತೇವೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಸಿಆರ್‌ಪಿಎಫ್ ಯೋಧರು. ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್ ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿವೆ. ಅವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅನ್ವಯಿಸುವುದಿಲ್ಲ, ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿ ನೇರವಾಗಿ ಹೈಕೋರ್ಟಿಗೆ ಹೋಗಬೇಕು. ಕರ್ನಾಟಕ ಪೊಲೀಸ್ ಮತ್ತು ಕೆಎಸ್‌ಆರ್‌ಪಿಯವರು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಪೊಲೀಸರ ವಿಷಯದಲ್ಲಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮದ್ರಾಸ್ ಪೊಲೀಸ್ ಗೆಜೆಟ್‌ನಲ್ಲಿ 1957ರಲ್ಲೇ ಪ್ರಕಟವಾಗಿದ್ದ ಆದೇಶ ಮುಸ್ಲಿಂ ಪೊಲೀಸರಿಗೆ ಓರಣವಾದ ಗಡ್ಡಕ್ಕೆ ಅವಕಾಶ ಕೊಟ್ಟಿದ್ದರಿಂದಲೇ, 2024ರಲ್ಲಿ ಮದ್ರಾಸ್ ಹೈಕೋರ್ಟ್ ಮದುರೈನ ಕಾನ್‌ಸ್ಟೆಬಲ್ ಒಬ್ಬರಿಗೆ ವಿಧಿಸಿದ್ದ ಶಿಕ್ಷೆಯನ್ನು ರದ್ದುಪಡಿಸಿತು. ವಾಯುಪಡೆಯ ಪ್ರಕರಣದಲ್ಲಿ ಸೋಲು, ಮದುರೈನಲ್ಲಿ ಗೆಲುವು, ಎರಡನ್ನೂ ನಿರ್ಧರಿಸಿದ್ದು ಪುಸ್ತಕದಲ್ಲಿ ಬರೆದಿದ್ದ ನಿಯಮ. ಆ ನಿಯಮದ ಪ್ರತಿ ಸಿಗದಿದ್ದರೆ ಭೂಸೇನೆ, ನೌಕಾಪಡೆ, ವಾಯುಪಡೆಗಳಿಂದ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳಿಗೆ ಮಾತ್ರ ಆ ಕಾಯ್ದೆಯಿಂದ ಬಹುಮಟ್ಟಿಗೆ ವಿನಾಯಿತಿಯಿದೆ.

ವಕೀಲರ ಫೀಸಿಗೆ ಹೆದರಿ ಗಡುವು ಕಳೆದುಕೊಳ್ಳಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಯೋಧನ ಹೆಂಡತಿಯೋ ತಾಯಿಯೋ ತಮ್ಮ ಹಕ್ಕಿನ ಪಿಂಚಣಿ, ಬಾಕಿಗಾಗಿ ಈ ನೆರವು ಕೇಳಬಹುದು. ಸೈನಿಕ ಕುಟುಂಬಗಳಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿದೆ. ಬಸರಾಳಿನವರು ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಶೋಕಾಸ್ ನೋಟಿಸ್, ಅದಕ್ಕೆ ಕೊಟ್ಟ ಉತ್ತರ ಮತ್ತು ಬಿಡುಗಡೆ ಆದೇಶದ ಪ್ರತಿಗಳು ಜೊತೆಯಲ್ಲಿರಲಿ.