ಮುಖ ಅವರದೇ, ಆದರೆ ಅವರಲ್ಲ: ಕ್ಯಾಪ್‌ಗ್ರಾ ಭ್ರಮೆ



ಪ್ರಥಮ ಪಿಯುಸಿ ಜೀವಶಾಸ್ತ್ರದ ‘ನರ ನಿಯಂತ್ರಣ ಮತ್ತು ಸಮನ್ವಯ’ ಅಧ್ಯಾಯದಲ್ಲಿ ಲಿಂಬಿಕ್ ವ್ಯವಸ್ಥೆಯ ಬಗ್ಗೆ ಕೆಲವೇ ಸಾಲುಗಳಿವೆ. ಅಮಿಗ್ಡಲಾ, ಹಿಪ್ಪೊಕ್ಯಾಂಪಸ್ ಮುಂತಾದ ಭಾಗಗಳು ಸಂತೋಷ, ಸಿಟ್ಟು, ಭಯದಂಥ ಭಾವನೆಗಳಲ್ಲಿ ಪಾತ್ರ ವಹಿಸುತ್ತವೆ ಎಂದು ಓದಿ ಮುಂದೆ ಹೋಗುತ್ತೇವೆ. ಈ ಪಾಠ ಮಾಡುವಾಗ ನನಗೆ ತರಗತಿಯಲ್ಲಿ ಒಂದು ಪ್ರಶ್ನೆ ಬರುವುದುಂಟು: “ಸರ್, ಆ ಭಾಗದ ಸಂಪರ್ಕ ಕಡಿದುಹೋದರೆ ಏನಾಗುತ್ತದೆ?” ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಇದಲ್ಲ. ಆದರೆ ಇದರ ಉತ್ತರ ಯಾವುದೋ ಒಂದು ಮನೆಗೆ ಬೇಕಾಗಬಹುದು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಏನಿದು?

1923ರಲ್ಲಿ ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕ್ಯಾಪ್‌ಗ್ರಾ ಮತ್ತು ಅವರ ಸಹೋದ್ಯೋಗಿ ರೆಬೂಲ್-ಲಶೋ ಒಬ್ಬ ಮಹಿಳೆಯ ಕಾಯಿಲೆಯನ್ನು ವರದಿ ಮಾಡಿದರು. ತನ್ನ ಗಂಡನನ್ನೂ ಮಗಳನ್ನೂ ಯಾರೋ ಬದಲಾಯಿಸಿದ್ದಾರೆ, ಈಗ ಮನೆಯಲ್ಲಿರುವವರು ಅವರಂತೆಯೇ ಕಾಣುವ ಬೇರೆಯವರು ಎಂದು ಆಕೆ ಗಟ್ಟಿಯಾಗಿ ನಂಬಿದ್ದಳು. ಅಂದಿನಿಂದ ಇದಕ್ಕೆ ಕ್ಯಾಪ್‌ಗ್ರಾ ಭ್ರಮೆ ಎಂಬ ಹೆಸರು ಬಂತು. ಇದು ಅಪರೂಪ. ರೋಗಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಮುಖವೂ ಗೊತ್ತಾಗುತ್ತದೆ. “ಮೂಗು ಅಮ್ಮನದೇ, ಸೀರೆ ಅಮ್ಮನದೇ, ಆದರೆ ಈಕೆ ನನ್ನ ಅಮ್ಮ ಅಲ್ಲ” ಎನ್ನುವ ರೀತಿಯ ಮಾತು ಅವರದು.

ಗುರುತಿಸುವುದರಲ್ಲಿ ಎರಡು ಕೆಲಸ

ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ನಿಮ್ಮ ತಂದೆ ಬಂದು ಗದಗ ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ ಎಂದುಕೊಳ್ಳಿ. ಅಷ್ಟು ಗದ್ದಲದಲ್ಲೂ ನೀವು ಅವರನ್ನು ದೂರದಿಂದಲೇ ಗುರುತಿಸುತ್ತೀರಿ. ಆಗ ಮೆದುಳಿನಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ಮೆದುಳಿನ ಕೆಳಭಾಗದ ಫ್ಯೂಸಿಫಾರ್ಮ್ ಎಂಬ ಮಡಿಕೆ ಮುಖದ ವಿವರಗಳನ್ನು ಕೂಡಿಸಿ ‘ಇದು ಇಂಥವರ ಮುಖ’ ಎಂದು ತಿಳಿಯಲು ನೆರವಾಗುತ್ತದೆ. ಎರಡು, ಆ ಸುದ್ದಿ ಅಮಿಗ್ಡಲಾಕ್ಕೆ ಹೋಗಿ ‘ಇವರು ನನ್ನವರು’ ಎಂಬ ಆಪ್ತಭಾವ ಏಳುತ್ತದೆ. ಆ ಕ್ಷಣದಲ್ಲಿ ಅಂಗೈಯಲ್ಲಿ ನಮ್ಮ ಅರಿವಿಗೆ ಬಾರದಷ್ಟು ಬೆವರು ಮೂಡಿ, ಚರ್ಮದ ವಿದ್ಯುತ್ ವಾಹಕತೆ ಹೆಚ್ಚುತ್ತದೆ. ಇದನ್ನು ಉಪಕರಣದಿಂದ ಅಳೆಯಬಹುದು.

ಮೊದಲನೆಯ ಕೆಲಸ ಕೆಟ್ಟರೆ ಅದು ಮುಖಗುರುಡು. 1947ರಲ್ಲಿ ಜರ್ಮನಿಯ ಬೊಡಾಮರ್ ಇದಕ್ಕೆ ‘ಪ್ರೊಸೊಪ್ಯಾಗ್ನೋಸಿಯಾ’ ಎಂದು ಹೆಸರಿಟ್ಟರು. ಇಂಥವರು ಹೆಂಡತಿ ಮಕ್ಕಳನ್ನೂ ಧ್ವನಿ, ನಡಿಗೆ, ಬಟ್ಟೆಯಿಂದಲೇ ಗುರುತಿಸಬೇಕಾಗುತ್ತದೆ. ಆದರೆ 1984ರಲ್ಲಿ ರಸೆಲ್ ಬಾವರ್ ಒಂದು ಸೋಜಿಗವನ್ನು ತೋರಿಸಿದರು. ಮುಖ ನೋಡಿ ‘ಯಾರೋ ಗೊತ್ತಿಲ್ಲ’ ಎನ್ನುತ್ತಿದ್ದ ಅಂಥ ರೋಗಿಗೆ ಆ ಮುಖದ ಸರಿಯಾದ ಹೆಸರು ಹೇಳಿದಾಗ ಚರ್ಮ ಸ್ಪಂದಿಸುತ್ತಿತ್ತು. ಬಾಯಿಗೆ ಗೊತ್ತಿಲ್ಲದ್ದು ಮೈಗೆ ಗೊತ್ತಿತ್ತು!

ಇದರ ತಿರುಗುಮುರುಗೇ ಕ್ಯಾಪ್‌ಗ್ರಾ ಇರಬೇಕು ಎಂದು 1990ರಲ್ಲಿ ಎಲ್ಲಿಸ್ ಮತ್ತು ಯಂಗ್ ಊಹಿಸಿದರು. 1997ರಲ್ಲಿ ನಡೆದ ಪರೀಕ್ಷೆಗಳು ಅದನ್ನು ಬೆಂಬಲಿಸಿದವು. ಈ ರೋಗಿಗಳು ಪರಿಚಿತ ಮುಖವನ್ನು ಗುರುತಿಸುತ್ತಾರೆ, ಆದರೆ ಅವರ ಚರ್ಮ ಅಪರಿಚಿತರನ್ನು ಕಂಡಂತೆಯೇ ಸುಮ್ಮನಿರುತ್ತದೆ.

ಫೋನಿನಲ್ಲಿ ಮಾತ್ರ ತಾಯಿ

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವ ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೀನ್ 1997ರಲ್ಲಿ ಒಬ್ಬ ಯುವಕನ ಬಗ್ಗೆ ಬರೆದರು. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಆತ ಮೂರು ವಾರ ಕೋಮಾದಲ್ಲಿದ್ದ. ಚೇತರಿಸಿಕೊಂಡ ಮೇಲೆ ಮಾತು, ಬುದ್ಧಿ ಬಹುಮಟ್ಟಿಗೆ ಸರಿಯಿದ್ದವು. ಆದರೆ ಎದುರಿಗೆ ಬಂದ ತಂದೆ ತಾಯಿಯನ್ನು ವೇಷಧಾರಿಗಳು ಎನ್ನುತ್ತಿದ್ದ. ಅದೇ ತಂದೆ ತಾಯಿ ಫೋನಿನಲ್ಲಿ ಮಾತನಾಡಿದರೆ ಮಾತ್ರ ಸಂಶಯವೇ ಇರುತ್ತಿರಲಿಲ್ಲ. ಕಿವಿಯಿಂದ ಭಾವನೆಯ ಕೇಂದ್ರಕ್ಕೆ ಹೋಗುವ ದಾರಿ ಬೇರೆ, ಅದು ಉಳಿದುಕೊಂಡಿದೆ. ಕಣ್ಣಿನ ದಾರಿ ಕಡಿದಿದೆ ಎಂಬುದು ಅವರ ವಿವರಣೆ.

ಹಾಗಾದರೆ ‘ಯಾಕೋ ಇವತ್ತು ಅಮ್ಮ ಬೇರೆ ಅನಿಸುತ್ತಿದ್ದಾಳೆ’ ಎಂದು ಸುಮ್ಮನಾಗದೆ ‘ಈಕೆ ಅಮ್ಮನೇ ಅಲ್ಲ’ ಎಂದು ಏಕೆ ನಂಬಬೇಕು? ನಮಗೆ ಬರುವ ಆಲೋಚನೆಗಳನ್ನು ತೂಗಿ ನೋಡುವ ಮುಮ್ಮೆದುಳಿನ ಬಲಭಾಗಕ್ಕೂ ಪೆಟ್ಟಾಗಿರುತ್ತದೆ ಎಂದು ಹಲವು ಸಂಶೋಧಕರು ಹೇಳುತ್ತಾರೆ. ಮೊದಲ ಪೆಟ್ಟು ಆಪ್ತಭಾವವನ್ನು ಕಸಿಯುತ್ತದೆ, ಎರಡನೆಯದು ತಪ್ಪು ತೀರ್ಮಾನವನ್ನು ತಡೆಯದೆ ಬಿಡುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಈ ಭ್ರಮೆ ತಾನೇ ಒಂದು ರೋಗ ಎನ್ನುವುದಕ್ಕಿಂತ ಬೇರೆ ರೋಗದ ಲಕ್ಷಣ. ಸ್ಕಿಜೋಫ್ರೇನಿಯಾ, ಆಲ್ಜೈಮರ್, ಲೆವಿ ಬಾಡಿ ಡಿಮೆನ್ಶಿಯಾ, ತಲೆಗೆ ಪೆಟ್ಟು, ಮೂರ್ಛೆರೋಗ ಇವುಗಳಲ್ಲಿ ಕಾಣಿಸಿಕೊಳ್ಳಬಹುದು. ಎಷ್ಟೋ ಮನೆಗಳಲ್ಲಿ ವಯಸ್ಸಾದ ಅಜ್ಜನೋ ನಾನಿಯೋ ಸೊಸೆಯನ್ನು “ನೀನು ಯಾರು, ನನ್ನ ಸೊಸೆ ಎಲ್ಲಿ?” ಎಂದು ಕೇಳಿದರೆ ಗಾಳಿ ಸೋಂಕಿತು, ಜಿನ್ನಿನ ಕಾಟ ಎಂದು ತಾಯತ ಕಟ್ಟಿಸಲು ಓಡುವವರೇ ಹೆಚ್ಚು. ಲಕ್ಷ್ಮೇಶ್ವರದ ದರ್ಗಾಕ್ಕೋ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೋ ಹೋಗಿ ಪ್ರಾರ್ಥಿಸಿ ಬರುವುದು ನಮ್ಮ ಸೀಮೆಯ ಎಲ್ಲ ಜಾತಿ ಧರ್ಮದವರ ರೂಢಿ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡಲಿ, ಆದರೆ ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು. ಇವನ್ನು ನೆನಪಿಡಿ:

1. ವಾದ ಮಾಡಬೇಡಿ. ಆಧಾರ್ ಕಾರ್ಡ್, ಫೋಟೊ ತೋರಿಸಿದರೆ ಭ್ರಮೆ ಹೋಗುವುದಿಲ್ಲ, ಸಂಶಯ ಹೆಚ್ಚಬಹುದು. “ನಿಮಗೆ ಹೆದರಿಕೆ ಆಗಿದೆ, ನಾವಿದ್ದೇವೆ” ಎಂದು ಸಮಾಧಾನ ಹೇಳಿ.

2. ಮುಖ ತೋರಿಸುವ ಮೊದಲು ಬಾಗಿಲ ಆಚೆಯಿಂದ ಮಾತನಾಡಿಸಿ. ಕೆಲವರಿಗೆ ಧ್ವನಿಯಿಂದ ನಂಬಿಕೆ ಮೂಡುತ್ತದೆ.

3. ‘ವೇಷಧಾರಿ’ಯ ಮೇಲೆ ರೋಗಿ ಕೈ ಮಾಡುವ ಸಂಭವವಿದೆ. ಕುಡಗೋಲು, ಚಾಕು ಕೈಗೆ ಸಿಗದಂತೆ ಇಡಿ.

4. ಹೊಡೆಯುವುದು, ಕಟ್ಟಿಹಾಕುವುದು ಬೇಡವೇ ಬೇಡ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

5. ಬೇರೆ ರೋಗಿಯ ಗುಳಿಗೆ ಕೊಡಬೇಡಿ. ಲೆವಿ ಬಾಡಿ ಡಿಮೆನ್ಶಿಯಾ ಇದ್ದವರಿಗೆ ಕೆಲವು ಮನೋರೋಗದ ಔಷಧಗಳಿಂದ ದೊಡ್ಡ ಅಪಾಯವಿದೆ.

ಎಲ್ಲಿಗೆ ಹೋಗಬೇಕು? ಗದಗದಲ್ಲೇ ಜಿಮ್ಸ್ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೆ ಅತಿ ಹೆಚ್ಚು ನೋವಾಗುವುದು ‘ಇಷ್ಟು ವರ್ಷ ಸಾಕಿದ ನನ್ನನ್ನೇ ಬೇರೆಯವಳು ಅಂದನಲ್ಲ’ ಎಂದು. ಆ ಮಾತು ಪ್ರೀತಿ ಬತ್ತಿದ್ದರಿಂದ ಬಂದದ್ದಲ್ಲ. ಪ್ರೀತಿ ಮುಖದವರೆಗೆ ತಲುಪುವ ದಾರಿ ಕೆಟ್ಟದ್ದರಿಂದ ಬಂದದ್ದು. ನೀವು ಓದಿದವರು. ಇಷ್ಟನ್ನು ಮನೆಯ ಹಿರಿಯರಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿದರೆ ಈ ಪಾಠ ಸಾರ್ಥಕ.

ಯೋಚಿಸಿ ಉತ್ತರಿಸಿ:

1. ಮುಖಗುರುಡಿಗೂ ಕ್ಯಾಪ್‌ಗ್ರಾ ಭ್ರಮೆಗೂ ಇರುವ ವ್ಯತ್ಯಾಸವೇನು?

2. ಆ ಯುವಕ ಫೋನಿನಲ್ಲಿ ತಾಯಿಯನ್ನು ಒಪ್ಪಿಕೊಂಡದ್ದು ಏಕೆ?

3. ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ ಈ ಭ್ರಮೆ ಬಂದರೆ ಅದು ಯಾವ ಇಂದ್ರಿಯದ ದಾರಿಯಲ್ಲಿ ಬರಬಹುದು?